ಹಾಲಿವುಡ್ ನಟ ಅಲ್ ಪಚೀನೊ ಬಡ ಬೀದಿಯಿಂದ ಸಿನಿಮಾಕ್ಕೆ ಬಂದದ್ದು ಹೇಗೆ?
ನೇರವಾಗಿ ಬರಲಿಲ್ಲ, ನಾಟಕದ ಬಾಗಿಲಿನಿಂದ ಬಂದರು. 1940ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಅಲ್ಲಿನ ಬಡವರ ಪ್ರದೇಶವಾದ ಸೌತ್ ಬ್ರಾಂಕ್ಸ್‌ನಲ್ಲಿ ತಾಯಿ, ಅಜ್ಜ-ಅಜ್ಜಿಯ ಆಸರೆಯಲ್ಲಿ ಬೆಳೆದವರು. ಗೆಳೆಯರಲ್ಲಿ ಕೆಲವರನ್ನು ಡ್ರಗ್ಸ್ ನುಂಗಿತು. ಇವರು ಓದು ಅರ್ಧಕ್ಕೇ ಬಿಟ್ಟು ಕಸ ಗುಡಿಸುವ ಕೆಲಸವನ್ನೂ ಮಾಡಿದರು. 1966ರಲ್ಲಿ ನಟರು ಪಳಗುವ ಆಕ್ಟರ್ಸ್ ಸ್ಟುಡಿಯೊ ಸೇರಿ ಅಭಿನಯದ ಗುರು ಲೀ ಸ್ಟ್ರಾಸ್‌ಬರ್ಗ್ ಕೈಯಲ್ಲಿ ಪಳಗಿದರು. 1969ರಲ್ಲಿ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು.

ನಿಜವಾದ ತಿರುವು ಮಾಫಿಯಾ ಕುಟುಂಬವೊಂದರ ಕಥೆಯಾದ 1972ರ 'ದಿ ಗಾಡ್‌ಫಾದರ್'. ಚಿತ್ರ ನಿರ್ಮಾಣ ಸಂಸ್ಥೆ ಪ್ಯಾರಾಮೌಂಟ್‌ನವರಿಗೆ ಇವರು ಬೇಡವೇ ಬೇಡ. ನಿರ್ದೇಶಕ ಕೊಪ್ಪೊಲಾ ಪಟ್ಟು ಬಿಡಲಿಲ್ಲ. ಚಿತ್ರೀಕರಣ ಶುರುವಾದ ಮೇಲೂ ತೆಗೆದುಹಾಕುವ ಮಾತಿತ್ತು. ರೆಸ್ಟೋರೆಂಟ್‌ನಲ್ಲಿ ಗುಂಡು ಹಾರಿಸುವ ದೃಶ್ಯ ನೋಡಿದ ಮೇಲೆ ಆ ಮಾತು ಅಡಗಿತು. (ತಾಯಿಯ ಕಡೆಯ ಹಿರಿಯರ ಊರು ಇಟಲಿಯ ಸಿಸಿಲಿ ದ್ವೀಪದ ಕೊರ್ಲಿಯೋನೆ. ಚಿತ್ರದ ಕುಟುಂಬದ ಹೆಸರೂ ಅದೇ!) ಆಸ್ಕರ್ ಮಾತ್ರ 1993ರವರೆಗೆ ಕಾಯಿಸಿತು.