ಲೂಪ್ ಟೆಸ್ಟ್ ಪಾಸಾದರೂ ಮೀಟರ್ ಉತ್ತರ ಕೊಡುತ್ತಿಲ್ಲ, ಏಕೆ?

ಪ್ರಶ್ನೆ: ರಾಸ್ಪ್‌ಬೆರಿ ಪೈ 4ಕ್ಕೆ ಆರ್‌ಎಸ್-485 (ಎರಡು ತಂತಿಯಲ್ಲಿ ಡೇಟಾ ಕಳಿಸುವ) ಮಾಡ್ಯೂಲ್ ಹಾಕಿ ಎನರ್ಜಿ ಮೀಟರ್‌ನಿಂದ ಮಾಡ್‌ಬಸ್ (ಇಂಥ ಉಪಕರಣಗಳು ಡೇಟಾ ಕೊಡುವ ಪದ್ಧತಿ) ರೀಡಿಂಗ್ ತೆಗೆಯಬೇಕು. ಸೀರಿಯಲ್ ಪೋರ್ಟ್ ಆನ್ ಮಾಡಿದ್ದೇನೆ. ಮೊದಲು ‘ಪರ್ಮಿಶನ್ ಡಿನೈಡ್’ ಎಂದು ಬರುತ್ತಿತ್ತು, ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಆದೇಶ) ಹಾಕಿದಾಗ ಹೋಯಿತು. 8 ಮತ್ತು 10ನೇ ಪಿನ್ ಜೋಡಿಸಿದರೆ ಕಳಿಸಿದ್ದು ಸರಿಯಾಗಿ ವಾಪಸ್ ಬರುತ್ತದೆ. ಮೀಟರ್ ಮಾತ್ರ ಮೌನ. ಅದರ ಸೆಟ್ಟಿಂಗ್ 9600, ಈವನ್ ಪ್ಯಾರಿಟಿ, 1 ಸ್ಟಾಪ್ ಬಿಟ್.

ಉತ್ತರ: ಮೊದಲು ಅನುಮಾನ ಪಡಬೇಕಾದದ್ದು ಪ್ಯಾರಿಟಿಯನ್ನೇ, ಅಂದರೆ ದೋಷ ಪತ್ತೆಗೆಂದು ಪ್ರತಿ ಬೈಟಿನ ಜೊತೆ ಹೋಗುವ ಹೆಚ್ಚುವರಿ ಬಿಟ್ಟನ್ನು. ಪೈ 4ರಲ್ಲಿ ಪೂರ್ಣ ಸಾಮರ್ಥ್ಯದ ಪಿಎಲ್011 ಯುಎಆರ್‌ಟಿ (ಸೀರಿಯಲ್ ಡೇಟಾ ಕಳಿಸಿ ಪಡೆಯುವ ಸರ್ಕ್ಯೂಟ್) ಬ್ಲೂಟೂತ್ ಪಾಲಾಗಿದೆ. 8 ಮತ್ತು 10ನೇ ಪಿನ್‌ಗೆ ಬಂದಿರುವುದು ಮಿನಿ ಯುಎಆರ್‌ಟಿ, ಅಂದರೆ ಡೆವ್ ಫೋಲ್ಡರಿನಲ್ಲಿ ಟಿಟಿವೈಎಸ್0 ಎಂಬ ಹೆಸರಿನದು. ಇದಕ್ಕೆ ಪ್ಯಾರಿಟಿ ಸೌಲಭ್ಯವೇ ಇಲ್ಲ. ಪ್ರೋಗ್ರಾಮಿನಲ್ಲಿ ಈವನ್ ಎಂದು ಕೊಟ್ಟರೂ ಆ ಬಿಟ್ ತಂತಿಗೆ ಹೋಗುವುದಿಲ್ಲ. ಮೀಟರ್ ಪ್ರತಿ ಬೈಟಿಗೆ 11 ಬಿಟ್ ಕಾಯುತ್ತಿದ್ದರೆ ಇಲ್ಲಿಂದ ಹೋಗುವುದು 10. ಅದು ಸುಮ್ಮನೆ ಕೈಬಿಡುತ್ತದೆ. ಲೂಪ್ ಟೆಸ್ಟಿನಲ್ಲಿ ಕಳಿಸುವುದೂ ಕೇಳುವುದೂ ಅದೇ ಚಿಪ್ ಆದ್ದರಿಂದ ಈ ದೋಷ ಅಲ್ಲಿ ಕಾಣುವುದೇ ಇಲ್ಲ.

ಬ್ಲೂಟೂತ್ ಬೇಡವಾದರೆ ಪರಿಹಾರ ಒಂದೇ ಸಾಲು. ಬೂಟ್ ಒಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿರುವ ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ (ಬುಕ್‌ವರ್ಮ್‌ಗಿಂತ ಹಳೆಯ ಪೈ ಓಎಸ್ ಆದರೆ ನೇರ ಬೂಟ್ ಫೋಲ್ಡರಿನಲ್ಲಿ) ತೆರೆದು, ಕೊನೆಗೆ ‘ಡಿಟಿಓವರ್‌ಲೇ=ಡಿಸೇಬಲ್-ಬಿಟಿ’ ಸೇರಿಸಿ. ಇಂಗ್ಲಿಷಿನ ಸಣ್ಣ ಅಕ್ಷರ, ಎಲ್ಲೂ ಸ್ಪೇಸ್ ಬೇಡ. ರೀಬೂಟ್ ಆದ ಮೇಲೆ ಡೆವ್ ಫೋಲ್ಡರಿನಲ್ಲಿ ‘ಎಲ್‌ಎಸ್ -ಎಲ್’ ಕೊಟ್ಟು ನೋಡಿ: ಸೀರಿಯಲ್0 ಈಗ ಟಿಟಿವೈಎಎಂಎ0 (ಪಿಎಲ್011ರ ಹೆಸರು) ಕಡೆ ತೋರಿಸಬೇಕು. ಪ್ರೋಗ್ರಾಮಿನಲ್ಲಿಯೂ ಸೀರಿಯಲ್0 ಎಂದೇ ಬರೆಯಿರಿ. ಬ್ಲೂಟೂತ್ ಬೇಕೇ ಬೇಕೆಂದರೆ ‘ಡಿಟಿಓವರ್‌ಲೇ=ಯುಎಆರ್‌ಟಿ3’ ಹಾಕಿ, ತಂತಿಗಳನ್ನು 7ನೇ (ಟಿಎಕ್ಸ್) ಮತ್ತು 29ನೇ (ಆರ್‌ಎಕ್ಸ್) ಪಿನ್‌ಗೆ ಬದಲಿಸಿ. ಅದೂ ಪಿಎಲ್011; ಆದರೆ ಆಗ ಡಿವೈಸ್ ಹೆಸರು ಬೇರೆ.

ಸುಡೋ ಹಾಕಿದ್ದು ಒಳ್ಳೆಯದಾಗಲಿಲ್ಲ, ಒಂದು ಸುಳಿವು ಮುಚ್ಚಿಹೋಯಿತು. ಪೋರ್ಟಿನ ಮೇಲೆ ಲಾಗಿನ್ ಶೆಲ್ (ಆ ಪೋರ್ಟಿನಿಂದ ಪೈಗೆ ಲಾಗಿನ್ ಆಗಲು ಬಿಡುವ ಪ್ರೋಗ್ರಾಂ) ಕೂತಿದ್ದರೂ ಪರ್ಮಿಶನ್ ಡಿನೈಡ್ ಬರುತ್ತದೆ, ಮೇಲಾಗಿ ಅದು ಮೀಟರಿನ ಲೈನಿಗೆ ತನ್ನ ಅಕ್ಷರ ಸುರಿಯುತ್ತದೆ. ರಾಸ್ಪಿ-ಕಾನ್ಫಿಗ್‌ನಲ್ಲಿ ಇಂಟರ್‌ಫೇಸ್ ಆಪ್ಷನ್ಸ್, ಸೀರಿಯಲ್ ಪೋರ್ಟ್: ಲಾಗಿನ್ ಶೆಲ್ ಪ್ರಶ್ನೆಗೆ ‘ನೋ’, ಹಾರ್ಡ್‌ವೇರ್ ಪ್ರಶ್ನೆಗೆ ‘ಯೆಸ್’.  ಆಮೇಲೂ ತಕರಾರಿದ್ದರೆ ನಿಮ್ಮ ಯೂಸರನ್ನು ಸೀರಿಯಲ್ ಪೋರ್ಟ್ ಬಳಸುವ ಅನುಮತಿಯುಳ್ಳ ಡಯಲ್‌ಔಟ್ ಗ್ರೂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ.

ಮಾಡ್ಯೂಲ್ ಮೇಲಿನ ಚಿಪ್ ಹೆಸರು ಓದಿ. ಮ್ಯಾಕ್ಸ್485 ಆದರೆ ಅದು 5 ವೋಲ್ಟಿನದು, ಅದರ ಆರ್‌ಓ (ಡೇಟಾ ಹೊರಬರುವ) ಕಾಲನ್ನು 3.3 ವೋಲ್ಟಿನ ಪೈಗೆ ನೇರ ಕೊಟ್ಟರೆ ಪಿನ್ ಸುಡಬಹುದು. ಮ್ಯಾಕ್ಸ್3485 ತಂದು 3.3 ವೋಲ್ಟ್ ಕೊಡಿ. ಡಿಇ, ಆರ್‌ಇ (ಕಳಿಸುವುದೋ ಕೇಳುವುದೋ ಎಂದು ಚಿಪ್ಪಿಗೆ ಹೇಳುವ) ಕಾಲುಗಳಿದ್ದರೆ ಕಳಿಸುವಾಗ ಹೈ ಮಾಡಿ, ಕೊನೆಯ ಬೈಟ್ ಪೂರ್ತಿ ಹೊರಟ ತಕ್ಷಣ ಲೋ ಮಾಡಬೇಕು. ತಡವಾದರೆ ಮೀಟರಿನ ಉತ್ತರದ ತಲೆಯೇ ಕತ್ತರಿಸಿಹೋಗುತ್ತದೆ. ಇಷ್ಟಾದರೂ ಉತ್ತರ ಬರದಿದ್ದರೆ ಎ, ಬಿ ತಂತಿ ಅದಲುಬದಲು ಮಾಡಿ ನೋಡಿ. ಗುರುತು ಹಾಕುವುದರಲ್ಲಿ ತಯಾರಕರಲ್ಲೇ ಒಮ್ಮತವಿಲ್ಲ.