ಗುಳಿಗಿ ನೀವಾ ಬಂದ್ ಮಾಡಬ್ಯಾಡ್ರಿ
ಅಕ್ಕಾರ, ತಮ್ಮಗ ಎಂಟು ತಿಂಗಳಾತು ಫಿಟ್ಸ್ ಬಂದಿಲ್ಲ, ಗುಳಿಗಿ ತಗೊಂಡ್ರ ಬರೇ ನಿದ್ದಿ ಅಂತಾನ, ಬಂದ್ ಮಾಡಬೌದೇನು ಅಂತ ಕೇಳೀರಲ್ಲ, ಬ್ಯಾಡ್ರೀ. ಫಿಟ್ಸ್ ಬಂದಿಲ್ಲ ಅಂದ್ರ ಗುಳಿಗಿ ಕೆಲಸ ಮಾಡಾಕತ್ತೈತಿ, ರೋಗ ಹೋತು ಅಂತಲ್ಲ. ಒಮ್ಮೆಲೆ ನಿಲ್ಲಿಸಿದ್ರ ಫಿಟ್ಸ್ ಒಂದರ ಹಿಂದೊಂದು ಬರೋ ಅಪಾಯ ಇರತೈತಿ. ಸಾಮಾನ್ಯವಾಗಿ 2 ವರ್ಷರ ಫಿಟ್ಸ್ ಇಲ್ದ ಇದ್ರ ಡಾಕ್ಟ್ರು ವಿಚಾರ ಮಾಡ್ತಾರ, ಆವಾಗೂ ತಿಂಗಳಗಟ್ಟಲೆ ಸಾವಕಾಶ ಡೋಸ್ ಇಳಿಸ್ತಾರ. ನಿದ್ದಿ ತ್ರಾಸು ಅವ್ರಿಗೇ ಹೇಳ್ರಿ, ಡೋಸರ ಗುಳಿಗೀರ ಬದಲಿ ಮಾಡ್ತಾರ. ನೀವಿರೋ ಹಾವೇರಿಯಿಂದ ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿ-ಆರ್‌ಐ) ಸರ್ಕಾರಿ ದವಾಖಾನಿ, ಧಾರವಾಡದ ಮೆದುಳು-ಮನಸ್ಸಿನ ರೋಗದ ದವಾಖಾನಿ ಡಿಮ್ಹಾನ್ಸ್ ಏನ್ ಭಾಳ ದೂರಿಲ್ಲ. ಹೋಗುಮುಂದ ಹಳೇ ಚೀಟಿ, ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕಿ ನೋಡೋ ಪರೀಕ್ಷಾ) ರಿಪೋರ್ಟ್, ಫಿಟ್ಸ್ ಬಂದಾಗ ಯಾರರ ಮೊಬೈಲ್‌ನ್ಯಾಗ ವಿಡಿಯೋ ಮಾಡಿದ್ರ ಅದನ್ನೂ ಒಯ್ರಿ, ನಾವು ಬಾಯಿಲೆ ಹೇಳೋದಕ್ಕಿಂತ ಅದು ಡಾಕ್ಟ್ರಿಗೆ ಜಾಸ್ತಿ ಹೇಳತೈತಿ.

ಇನ್ನ ಫಿಟ್ಸ್ ಬಂದಾಗ ನಿಲ್ಲಲಿ ಅಂತ ನಿಮ್ಮ ಕಾಕಾ ತಮ್ಮನ ಕೈಯಾಗ ಕೀಲಿಕೈ ಹಿಡಸೋದು ಬರದೀರಿ, ಫಿಟ್ಸ್ ಬಹುತೇಕ ಒಂದೆರಡು ನಿಮಿಷದಾಗ ತಾನಾ ನಿಲ್ಲತೈತ್ರಿ, ಹೆಸರು ಮಾತ್ರ ಕೀಲಿಕೈಗೆ! ಬಾಯಾಗ ಚಮಚಾ ಗಿಮಚಾ ತುರುಕಬ್ಯಾಡ್ರಿ, ಗಟ್ಟಿ ಹಿಡೀಬ್ಯಾಡ್ರಿ, ಮಗ್ಗಲಿಗೆ ಹೊಳ್ಳಿಸಿ ಮಲಗಿಸಿ ಗಡಿಯಾರ ನೋಡ್ರಿ, 5 ನಿಮಿಷ ದಾಟಿದ್ರ 108ಕ್ಕ ಫೋನ್ ಹಚ್ರಿ. ಬೈಕು, ಬಾವ್ಯಾಗ ಈಜೋದು ಎರಡೂ ಸದ್ಯಕ್ಕ ಬ್ಯಾಡ.