ಸಾವಯವ ರಸಾಯನಶಾಸ್ತ್ರವನ್ನು ಹೆಸರುಗಳಿಂದ ಆರಂಭಿಸಬೇಡಿ

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಗದಗದಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದೀರೆಂದೂ, ಸಾವಯವ ರಸಾಯನಶಾಸ್ತ್ರದ ಹೆಸರುಗಳನ್ನು ಎಷ್ಟು ಬಾಯಿಪಾಠ ಮಾಡಿದರೂ ವಾರದೊಳಗೆ ಮರೆತುಹೋಗುತ್ತವೆಂದೂ ಬರೆದು, ಎಲ್ಲಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ಧಾರವಾಡದಲ್ಲಿ ಹಲವು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತಿರುವ ನಾನು ಹೇಳುವುದು ಇಷ್ಟು: ಹೆಸರುಗಳನ್ನು ಸದ್ಯಕ್ಕೆ ಬದಿಗಿಟ್ಟು ಅಣುವಿನ ಆಕಾರದಿಂದ ಆರಂಭಿಸಿ.

ಅದಕ್ಕೂ ಮೊದಲು 'ಸಾವಯವ' ಎಂಬ ಪದದ ಗೊಂದಲವನ್ನು ಕಳೆದುಕೊಳ್ಳಬೇಕು. ನಮ್ಮ ಕಡೆ ಸಾವಯವ ಎಂದೊಡನೆ ತಿಪ್ಪೆಗೊಬ್ಬರದ ಬೇಸಾಯ ನೆನಪಾಗುತ್ತದೆ. ರಸಾಯನಶಾಸ್ತ್ರದಲ್ಲಿ ಅದು ಇಂಗಾಲದ ಸಂಯುಕ್ತಗಳ ಅಧ್ಯಯನ. ಇಂತಹ ವಸ್ತುಗಳು ಜೀವಿಗಳ ದೇಹದಲ್ಲಿ ಮಾತ್ರ ಹುಟ್ಟುತ್ತವೆಂಬ ಹಳೆಯ ನಂಬಿಕೆಯಿಂದ ಆ ಹೆಸರು ಬಂತು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಅಮೋನಿಯಂ ಸಯನೇಟ್ ಎಂಬ ಲವಣದಿಂದ ಯೂರಿಯಾವನ್ನು ಪಡೆದ ಮೇಲೆ ಆ ನಂಬಿಕೆ ಸಡಿಲವಾಯಿತು, ಹೆಸರು ಮಾತ್ರ ಉಳಿಯಿತು. ಹೀಗಾಗಿ ಸಾವಯವ ಕೃಷಿಕರು ಹೊಲದೊಳಗೆ ಬಿಟ್ಟುಕೊಳ್ಳದ ಯೂರಿಯಾ ನಮ್ಮ ಲೆಕ್ಕದಲ್ಲಿ ಅಪ್ಪಟ ಸಾವಯವ ವಸ್ತು.

ಇಂಗಾಲದ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನ್‌ಗಳಿವೆ. ಎಂಟು ತುಂಬಿಸಿಕೊಳ್ಳಲು ಅದು ನೆರೆಯ ಪರಮಾಣುಗಳೊಂದಿಗೆ ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡು ನಾಲ್ಕು ಸಹವೇಲೆನ್ಸೀಯ ಬಂಧಗಳನ್ನು ಮಾಡಿಕೊಳ್ಳುತ್ತದೆ. ಇದನ್ನು ನೀವು ಓದಿಯೇ ಇದ್ದೀರಿ. ತೊಡಕು ಇರುವುದು ಹಾಳೆಯ ಮೇಲೆ. ಹಾಳೆಯಲ್ಲಿ ನಾಲ್ಕು ಬಂಧಗಳನ್ನು ಕೂಡಿಸುವ ಚಿಹ್ನೆಯಂತೆ ಬರೆಯುತ್ತೇವೆ, ಅದೇ ನಿಜವೆಂದು ಮನಸ್ಸು ನಂಬಿಬಿಡುತ್ತದೆ. ವಿದ್ಯಾರ್ಥಿಯಾಗಿದ್ದಾಗ ನಾನೂ ನಂಬಿದ್ದೆ. ಒಂದು ಇಂಗಾಲಕ್ಕೆ ಎರಡು ಜಲಜನಕ, ಎರಡು ಕ್ಲೋರಿನ್ ಅಂಟಿಕೊಂಡಿರುವ ಡೈಕ್ಲೋರೋಮೀಥೇನ್‌ನಲ್ಲಿ ಆ ಕ್ಲೋರಿನ್‌ಗಳು ಅಕ್ಕಪಕ್ಕ ಇದ್ದರೆ ಒಂದು ವಸ್ತು, ಎದುರುಬದುರು ಇದ್ದರೆ ಇನ್ನೊಂದು ವಸ್ತು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಂಡೆ. ಆಮೇಲೊಮ್ಮೆ ಊರಿಗೆ ಹೋಗಿದ್ದಾಗ, ಬಣವೆಯಿಂದ ಹಿರಿದ ಜೋಳದ ದಂಟನ್ನು ಸುಲಿದು ತಮ್ಮನಿಗೆ ಬೆಂಡಿನ ಬಂಡಿ ಮಾಡಿಕೊಡುತ್ತ ಕುಳಿತಿರುವಾಗ, ಉಳಿದ ಒಂದು ತುಂಡು ಬೆಂಡಿಗೆ ದಂಟಿನ ಸಿಬಿರುಗಳನ್ನು ನಾಲ್ಕು ದಿಕ್ಕಿಗೆ, ಒಂದರಿಂದೊಂದು ಆದಷ್ಟು ದೂರ ನಿಲ್ಲುವಂತೆ ಚುಚ್ಚಿದೆ. ಅವುಗಳ ತುದಿಗೆ ಚಿಕ್ಕ ಬೆಂಡುಗಳನ್ನು ಸಿಕ್ಕಿಸಿ, ಎರಡಕ್ಕೆ ಮಾತ್ರ ಕುಂಕುಮ ಹಚ್ಚಿದೆ. ಯಾವ ಎರಡಕ್ಕೆ ಹಚ್ಚಿದರೂ, ಕೈಯಲ್ಲಿ ಹೊರಳಿಸಿದರೆ ಅದೇ ಆಕೃತಿ ಬರುತ್ತಿತ್ತು. ಎದುರುಬದುರು ಎಂಬುದೇ ಅಲ್ಲಿರಲಿಲ್ಲ, ಏಕೆಂದರೆ ಯಾವ ಎರಡು ಬಂಧಗಳ ನಡುವೆಯೂ ಇರುವುದು ಸುಮಾರು 109.5 ಡಿಗ್ರಿ ಕೋನವೇ. 1874ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಡಚ್ ರಸಾಯನಶಾಸ್ತ್ರಜ್ಞ ವಾಂಟ್ ಹಾಫ್ ಇಂಗಾಲದ ಬಂಧಗಳು ಚತುರ್ಮುಖಿಯ (ನಾಲ್ಕು ತ್ರಿಕೋನ ಮುಖಗಳ ಆಕೃತಿಯ) ಮೂಲೆಗಳತ್ತ ಚಾಚಿರುತ್ತವೆಂದು ವಾದಿಸಿದ್ದರ ಹಿಂದೆಯೂ ಇಂತಹದೇ ಎಣಿಕೆ ಇತ್ತು.

ಆಕಾರ ಕೈಗೆ ಸಿಕ್ಕ ಮೇಲೆ ಜೋಡಣೆಗೆ ಬನ್ನಿ. ಎರಡು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕ ಕೊಟ್ಟರೆ ನಾಲ್ಕು ಬಂಧಗಳ ನಿಯಮ ಮೀರದೆ ಎರಡು ಅಣುಗಳನ್ನು ಕಟ್ಟಬಹುದು. ಆಮ್ಲಜನಕ ಕೊನೆಯಲ್ಲಿ ಜಲಜನಕವನ್ನು ಹಿಡಿದು ಕುಳಿತರೆ ಎಥನಾಲ್, ಇಂಗಾಲಗಳ ನಡುವೆ ಹೊಕ್ಕರೆ ಡೈಮೀಥೈಲ್ ಈಥರ್. ಮೊದಲನೆಯದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ. ಎರಡನೆಯದು ಮೈನಸ್ 24ರಲ್ಲೇ ಕುದಿದು ಅನಿಲವಾಗುತ್ತದೆ. ಸಮಾಂಗಿ (ಅವೇ ಪರಮಾಣುಗಳು, ಬೇರೆ ಜೋಡಣೆ), ಕ್ರಿಯಾಗುಂಪು (ಅಣುವಿನ ಗುಣವನ್ನು ತೀರ್ಮಾನಿಸುವ ಪರಮಾಣುಗಳ ಗುಂಪು) ಎಂಬ ಎರಡು ಪಾಠಗಳೂ ಈ ಒಂದು ಜೋಡಿಯಲ್ಲಿವೆ.

ಅಣುವಿನ ರಚನೆ ಗುಣವನ್ನು ಹೇಗೆ ತೀರ್ಮಾನಿಸುತ್ತದೆಂದು ನೋಡಲು ಪ್ರಯೋಗಾಲಯವೂ ಬೇಕಿಲ್ಲ. ಒಂದು ಬ್ಯಾಡಗಿ ಮೆಣಸಿನಕಾಯಿಯನ್ನು ಮುರಿದು ಅರ್ಧವನ್ನು ಬೆಚ್ಚನೆಯ ಎಣ್ಣೆಯಲ್ಲಿ, ಅರ್ಧವನ್ನು ಬೆಚ್ಚನೆಯ ನೀರಿನಲ್ಲಿ ಹಾಕಿಡಿ. ಎಣ್ಣೆ ಕೆಂಪೇರುತ್ತದೆ, ನೀರಿಗೆ ಆ ಕೆಂಪು ಬರುವುದಿಲ್ಲ. ಬಣ್ಣ ಕೊಡುವ ಕ್ಯಾಪ್ಸಾಂಥಿನ್‌ನಲ್ಲಿ 40 ಇಂಗಾಲಗಳಿದ್ದು ಆಮ್ಲಜನಕಗಳು ಮೂರೇ ಇರುವುದರಿಂದ ಅದು ಎಣ್ಣೆಯ ಕುಲಕ್ಕೇ ಸೇರಿದೆ. ಒಂದು ಬಿಟ್ಟು ಒಂದರಂತೆ ಸಾಲಾಗಿರುವ ಅದರ ದ್ವಿಬಂಧಗಳೇ ಕೆಂಪಿಗೆ ಕಾರಣ. ಖಾರ ಕೊಡುವ ಕ್ಯಾಪ್ಸೈಸಿನ್ ಬೇರೆಯೇ ಅಣು, ಅದಕ್ಕೆ ಬಣ್ಣವಿಲ್ಲ. ಬ್ಯಾಡಗಿ ಕಾಯಿ ಅಷ್ಟು ಕೆಂಪಿದ್ದೂ ಖಾರ ಕಡಿಮೆ ಇರಲು ಸಾಧ್ಯವಾಗಿರುವುದು ಇದರಿಂದಲೇ.

ಇನ್ನು ಹೆಸರುಗಳು. ಕನ್ನಡದಲ್ಲಿ ಪರ್ಯಾಪ್ತ (ಇಂಗಾಲಗಳ ನಡುವೆ ಏಕಬಂಧಗಳಷ್ಟೇ ಇರುವ) ಎಂದು ಓದಿದ್ದು ಈಗ ಇಂಗ್ಲಿಷ್‌ನಲ್ಲಿ ಸ್ಯಾಚುರೇಟೆಡ್, ಸಮಾಂಗಿ ಈಗ ಐಸೊಮರ್. ಈ ಪಟ್ಟಿ ಒಂದು ಪುಟ ದಾಟುವುದಿಲ್ಲ. ಉಳಿದಂತೆ ಅಣುವಿನ ಹೆಸರು ಅದನ್ನು ಬರೆಯುವ ಸೂಚನೆಯಷ್ಟೇ: 2-ಮೀಥೈಲ್‌ಪ್ರೊಪೇನ್ ಎಂದರೆ ಮೂರು ಇಂಗಾಲಗಳ ಸರಪಳಿ, ಅದರ ಎರಡನೆಯ ಇಂಗಾಲಕ್ಕೆ ಒಂದು ಇಂಗಾಲದ ಕವಲು. ಈ ವಾರ ಬ್ಯೂಟೇನ್‌ನ ಎರಡು, ಪೆಂಟೇನ್‌ನ ಮೂರು, ಹೆಕ್ಸೇನ್‌ನ ಐದು ಸಮಾಂಗಿಗಳನ್ನು ಪುಸ್ತಕ ನೋಡದೆ ಬರೆಯಿರಿ. ಪೆಂಟೇನ್‌ಗೆ ನಾಲ್ಕನೆಯದು ಸಿಕ್ಕಿತೆನಿಸಿದರೆ, ಮೂರರಲ್ಲಿ ಯಾವುದನ್ನೋ ಬಗ್ಗಿಸಿ ಮತ್ತೊಮ್ಮೆ ಬರೆದಿರುತ್ತೀರಿ. ಬೆಂಡು ಜೋಡಿಸಿ ಹೊರಳಿಸಿ ನೋಡಿ.